ಯುವಜನರ ಭಾನುವಾರಕ್ಕೆ ಮುಂಚೆ

ಪ್ರೀತಿಯ ಮಗಳೇ,

ಕರ್ತನಲ್ಲಿ ವಂದನೆಗಳು. ಯುವಜನರ ಭಾನುವಾರದ ಆರಾಧನೆ ನಡೆಸೋ ಜವಾಬ್ದಾರಿ ನಿನಗೆ ಬಂದಿದೆ ಅಂತ ಕೇಳಿ ನನಗೂ ದೊಡ್ಡಮ್ಮನಿಗೂ ತುಂಬ ಸಂತೋಷವಾಯಿತು. "ಈ ಸಲ ಆರಾಧನೆ ಪುಸ್ತಕದ ಕ್ರಮ ಬೇಡ ದೊಡ್ಡಪ್ಪಾ, ಆತ್ಮ ನಡೆಸಿದ ಹಾಗೆ ನಡೆಯಲಿ" ಅಂದೆಯಲ್ಲ, ಆಗ ಫೋನಿನಲ್ಲಿ ನಾನು ಏನೂ ಹೇಳಲಿಲ್ಲ. ಯೋಚಿಸಿ ಬರೆಯೋಣ ಅನ್ನಿಸಿತು.

ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಮಾಡಿದ್ದೆ. ಒಂದರ ಮೇಲೊಂದು ಹಾಡು ಹಾಡಿಸಿದೆ. ಸಾಕ್ಷಿ ಹೇಳಲು ಎದ್ದವರು ಬೇಗ ಕೂರಲಿಲ್ಲ. ಹೊತ್ತಾಯಿತು ಅಂತ, ಕಷ್ಟದಲ್ಲಿರುವವರ ಹೆಸರು ಹೇಳಿ ಬೇಡುವ ವಿಜ್ಞಾಪನಾ ಪ್ರಾರ್ಥನೆ ಬಿಟ್ಟು ನೇರ ಆಶೀರ್ವಾದಕ್ಕೆ ಹೋದೆವು. ಹೊರಗೆ ಬರುವಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ನನ್ನ ಮಗನ ಹೆಸರು ಹೇಳಲಿಲ್ಲ ಅಲ್ವಾ?" ಅಂದರು. ಮಗನಿಗೆ ಮರುದಿನ ಆಪರೇಷನ್ ಇತ್ತು. ಬೆಳಿಗ್ಗೆ ಅವರು ಕೊಟ್ಟ ಚೀಟಿ ನನ್ನ ಅಂಗಿ ಜೇಬಿನಲ್ಲೇ ಇತ್ತು. ನಾಲ್ಕು ಮಡಿಕೆಯ ಚೀಟಿ, ಬೆವರಿಗೆ ಶಾಯಿ ಹರಡಿತ್ತು.

ಅವತ್ತಿನಿಂದ ಕ್ರಮ ಅಂದರೆ ನನಗೆ ಆ ಅಜ್ಜಿಯ ಪಾಲು. ಹಾಡಲು ಬಾರದವರಿಗೆ, ಮೈಕ್ ಕಂಡರೆ ಹೆದರುವವರಿಗೆ ಎತ್ತಿಟ್ಟ ಪಾಲು.

ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ ಇನ್ನೊಮ್ಮೆ ಓದು. ಆ ಸಭೆಯಲ್ಲಿ ಆತ್ಮದ ವರಗಳಿಗೆ ಬರ ಇರಲಿಲ್ಲ. ಒಬ್ಬರಿಗೆ ಕೀರ್ತನೆ, ಒಬ್ಬರಿಗೆ ಬೋಧನೆ, ಇನ್ನೊಬ್ಬರಿಗೆ ಕೇಳುವವರಿಗೆ ತಿಳಿಯದ ಅನ್ಯಭಾಷೆ. ಪೌಲ ಅದನ್ನು ನಿಲ್ಲಿಸು ಅನ್ನಲಿಲ್ಲ. ಇಬ್ಬರು, ಹೆಚ್ಚೆಂದರೆ ಮೂವರು, ಸರದಿ ಪ್ರಕಾರ ಮಾತಾಡಲಿ ಅಂದ. ಕೂತಿದ್ದವನಿಗೆ ದೇವರು ಏನಾದರೂ ತೋರಿಸಿಕೊಟ್ಟರೆ, ಮಾತಾಡುತ್ತಿದ್ದವನು ಸುಮ್ಮನಾಗಲಿ ಅಂದ. ನೀನು ಹೇಳಿದ್ದು ತಿಳಿಯದಿದ್ದರೆ ಪಕ್ಕದವನು ಆಮೆನ್ ಅನ್ನುವುದು ಹೇಗೆ ಅಂತಲೂ ಕೇಳಿದ. ಪಕ್ಕದವನ ಆಮೆನ್ ಬಗ್ಗೆ ಅವನಿಗೆ ಎಷ್ಟು ಕಾಳಜಿ ನೋಡು!

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕಥೆಯೂ ನಿನಗೆ ಗೊತ್ತಿರಲಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಸಭೆಗಳಿಂದ ಬಂದು ಒಂದಾದವರಲ್ಲಿ ಪುಸ್ತಕ ನೋಡಿ ಪ್ರಾರ್ಥಿಸುವ, ಇಂಗ್ಲೆಂಡಿನ ಸಭೆಯ ಪರಂಪರೆಯ ಆಂಗ್ಲಿಕನ್ನರಿದ್ದರು, ಸ್ವಂತ ಮಾತಿನಲ್ಲಿ ಪ್ರಾರ್ಥಿಸಿ ರೂಢಿಯಾದವರೂ ಇದ್ದರು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ 1950ರಲ್ಲಿ ಬಂದ ಕ್ರಮದಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಸಭೆಯವರ ಉತ್ತರಗಳೂ ಅದರಲ್ಲಿ ಜಾಸ್ತಿ. ಕೇರಳದ ಸುರಿಯಾನಿ ಸಭೆಗಳಿಂದ ಬಂದ ಸಮಾಧಾನದ ವಂದನೆಯನ್ನೂ ಸೇರಿಸಿದರು. ಬಲ ಅಂಗೈಗೆ ಬಲ ಅಂಗೈ, ಮೇಲೆ ಎಡಗೈ ಮುಚ್ಚುವುದು. ಮೇಜಿನ ಹತ್ತಿರ ಶುರುವಾಗಿ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಒಂದು ಮಾತೂ ಆಡದೆ ಮನೆಗೆ ಹೋಗುವವರ ಕೈಯನ್ನೂ ಯಾರಾದರೂ ಒಬ್ಬರು ಹಿಡಿದಿರುತ್ತಾರೆ. ನನಗೆ ಇಡೀ ಆರಾಧನೆಯಲ್ಲಿ ತುಂಬ ಇಷ್ಟವಾದ ಗಳಿಗೆ ಅದು.

ಕೆಲವರು ಪುಸ್ತಕವನ್ನು ಸುಮ್ನೆ ಗಡಗಡ ಓದಿ ಮುಗಿಸುತ್ತಾರೆ, ನಿಜ. ಅದಕ್ಕೆ ನಿಧಾನವಾಗಿ ಓದಿಸು. ಪಾಪನಿವೇದನೆಗೆ ಮುಂಚೆ ಅರ್ಧ ನಿಮಿಷ ಮೌನ ಬಿಡು. ನಿಮ್ಮ ಗಿಟಾರ್, ಹೊಸ ಹಾಡು ಎಲ್ಲ ಇರಲಿ, ನನಗೂ ಕೇಳುವ ಆಸೆ ಇದೆ. ಆದರೆ ಪಾಪನಿವೇದನೆ, ವಾಕ್ಯ, ವಿಶ್ವಾಸ ಪ್ರಮಾಣ, ವಿಜ್ಞಾಪನೆ, ಇವನ್ನು ಮಾತ್ರ ಬಿಡಬೇಡ.

ಬಾಗಿಲ ಹತ್ತಿರ ಒಂದು ಡಬ್ಬಿ, ಕಾಗದ, ಪೆನ್ನು ಇಡಿಸು. ಬರೆಯಲು ಬಾರದವರಿಗೆ ಬರೆದುಕೊಡಲು ಒಬ್ಬ ಹುಡುಗನನ್ನು ನಿಲ್ಲಿಸು. ಬಂದ ಹೆಸರುಗಳನ್ನೆಲ್ಲ ನೀನೇ ಓದು, ಒಂದನ್ನೂ ಬಿಡದೆ.

ನಿನ್ನ ಪ್ರೀತಿಯ
ದೊಡ್ಡಪ್ಪ