ಗುಂಪಿಗೆ ಸೂಚನೆ: ಹಿತ್ತಾಳೆ ಕೇಸ್ ಅನೀಲಿಂಗ್ ಯಂತ್ರ ಕೊಳ್ಳುವ ಮುನ್ನ

ಅಮೆರಿಕದಲ್ಲಿ ರೀಲೋಡಿಂಗ್ (ಹಾರಿಸಿದ ಖಾಲಿ ಕೇಸ್‌ಗೆ ಮತ್ತೆ ಮದ್ದು, ಗುಂಡು ತುಂಬುವುದು) ಮಾಡುವ ಸದಸ್ಯರಿಗೆ ಮಾತ್ರ ಇದು. ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಕೇಸ್ ಎಂದರೆ ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆ ಕೋಶ: 70 ಭಾಗ ತಾಮ್ರ, 30 ಭಾಗ ಸತು. ಪ್ರತಿ ಸಲ ಹಾರಿಸಿ ಸೈಜ್ ಮಾಡಿದಾಗಲೂ (ಒತ್ತಿ ಮೊದಲಿನ ಅಳತೆಗೆ ತಂದಾಗಲೂ) ಗುಂಡು ಹಿಡಿಯುವ ಕತ್ತು ಗಡುಸಾಗುತ್ತದೆ, ಕೊನೆಗೆ ಬಿರಿಯುತ್ತದೆ. ಅದನ್ನು ಕಾಯಿಸಿ ಮತ್ತೆ ಮೆತ್ತಗೆ ಮಾಡುವುದೇ ಅನೀಲಿಂಗ್. ಮೆತ್ತಗಾಗಬೇಕಾದ್ದು ಕತ್ತು ಮತ್ತು ಭುಜ (ಕತ್ತಿನ ಕೆಳಗಿನ ಇಳಿಜಾರು) ಮಾತ್ರ. ಬುಡ ಮೆತ್ತಗಾದರೆ ಒತ್ತಡ ತಡೆಯದೆ ಅನಿಲ ಮುಖಕ್ಕೇ ಚಿಮ್ಮೀತು. ಅಂಥ ಕೇಸ್ ನೇರ ಗುಜರಿಗೆ.

ಗ್ಯಾಸ್ ಜ್ವಾಲೆಯ ಯಂತ್ರ ಅಗ್ಗ, ಕೇಸ್‌ಗಳು ತಾವಾಗಿ ಉರುಳಿ ಬರುತ್ತವೆ, ಒಂದೇ ಸಲ ನೂರಾರು ಮುಗಿಸಬಹುದು. ತೊಂದರೆ ಎಲ್ಲಿ? ಸಿಲಿಂಡರ್ ತಣ್ಣಗಾದಂತೆ ಗ್ಯಾಸಿನ ಒತ್ತಡ ಇಳಿದು ಜ್ವಾಲೆ ಸೊರಗುತ್ತದೆ. ಬೆಳಗ್ಗೆ ಹೊಂದಿಸಿದ ಕಾಯಿಸುವ ಸಮಯ ಮಧ್ಯಾಹ್ನಕ್ಕೆ ಸುಳ್ಳು. ಆದ್ದರಿಂದ ಆಗಾಗ 750 ಡಿಗ್ರಿ ಫ್ಯಾರನ್‌ಹೀಟ್ ಟೆಂಪಿಲಾಕ್ (ಗೊತ್ತಾದ ಉಷ್ಣತೆಗೆ ಕರಗುವ ಬಣ್ಣ) ಅನ್ನು ಕತ್ತಿನ ಒಳಗೆ, 450ರದ್ದನ್ನು ಭುಜದ ಕೆಳಗೆ ಬಳಿದು ನೋಡಿ. ಕೆಳಗಿನದು ಕರಗಿದರೆ ಸಮಯ ಜಾಸ್ತಿಯಾಯಿತು ಅಂತಲೇ.

ಇಂಡಕ್ಷನ್ (ಜ್ವಾಲೆಯಿಲ್ಲದೆ ವಿದ್ಯುತ್ ಸುರುಳಿಯಿಂದ ಕಾಯಿಸುವ) ಯಂತ್ರದಲ್ಲಿ ಈ ಏರಿಳಿತ ಕಡಿಮೆ. ನ್ಯೂಜಿಲೆಂಡ್‌ನ ಎಎಂಪಿ ಮಾರ್ಕ್ 2 ಒಂದು ಕೇಸ್ ಬಲಿ ತೆಗೆದುಕೊಂಡು ಆ ಲಾಟ್‌ಗೆ (ಒಟ್ಟಿಗೆ ತಯಾರಾದ ಕೇಸ್‌ಗಳ ಕಂತಿಗೆ) ಬೇಕಾದ ಶಕ್ತಿಯನ್ನು ತಾನೇ ಲೆಕ್ಕ ಹಾಕುತ್ತದೆ. ದುಬಾರಿ, ಬರೀ ಯಂತ್ರ ಕೊಂಡರೆ ಒಂದೊಂದಾಗಿ ಕೈಯಿಂದಲೇ ಇಡಬೇಕು. ವರ್ಷಕ್ಕೆ ಇನ್ನೂರು ಕೇಸ್ ಮಾಡುವವರಿಗೆ ಜ್ವಾಲೆಯದೇ ಸಾಕು ಅನ್ನುತ್ತೇವೆ.

ಕರಗಿದ ಬಿಸಿ ಉಪ್ಪಿನಲ್ಲಿ ಕೇಸ್ ಅದ್ದುವ ಪಾತ್ರೆ ಬೇಡವೇ ಬೇಡ. ಒಳಗೆ ಒಂದು ಹನಿ ನೀರು ಉಳಿದ ಕೇಸ್ ಅದ್ದಿದರೂ ಉಪ್ಪು ಸಿಡಿಯುತ್ತದೆ.

ಯಾವ ಯಂತ್ರವಾದರೂ ಖಾಲಿ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಟ್ಟಲು) ತೆಗೆದ ಕೇಸ್ ಮಾತ್ರ.