ಪ್ರೆಸ್ಸಿಗೆ ಬಂದಿದ್ದ ಆ ಅಕ್ಕಾರಿಗೆ

ಗೆಳತಿಯ ಲಗ್ನಪತ್ರಿಕೆ ಮಾಡಿಸಲು ಗದಗದ ನಮ್ಮ ಪ್ರೆಸ್ಸಿಗೆ ಜತೆಯಾಗಿ ಬಂದಿದ್ದಿರಿ. ಹೆಸರು ಕೇಳುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಿರಿ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಗಿರಾಕಿಗಳ ಫೋನಿನಲ್ಲಿ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ‘ಇದೇನ್ರೀ ಯಪ್ಪಾ, ಮಂತ್ರ ಬರ್ದೀರೇನು?’ ಅಂತ ಕೇಳೋರು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ, ಫಾಂಟ್ ಇಲ್ಲದ ಕಡೆ ಅಡಿಯ ಇಂಗ್ಲಿಷ್ ಹೊರಬೀಳುತ್ತದೆ, ಈಗಿನ ಫೋನುಗಳೆಲ್ಲ ಓದುವ ಯೂನಿಕೋಡಿನಲ್ಲಾದರೆ ಕನ್ನಡಕ್ಕೇ ಬೇರೆ ಜಾಗವಿದೆ ಎಂದು ನೀವು ನಿಂತಲ್ಲೇ ಬಿಡಿಸಿ ಹೇಳಿದಿರಿ. ಒಕ್ಕಣೆಯನ್ನು ಯೂನಿಕೋಡಿಗೆ ಬದಲಿಸಿ ಕಳಿಸುವುದು, ಅರ್ಕಾವತ್ತು ಜಾಗ ತಪ್ಪಿದೆಯೇ ನೋಡುವುದು, ಡಿಸೈನ್ ತೋರಿಸಬೇಕಿದ್ದರೆ ಫಾಂಟ್ ಒಳಸೇರಿಸಿದ ಪಿಡಿಎಫ್: ನೀವು ಹೇಳಿದ್ದೆಲ್ಲವನ್ನೂ ನಮ್ಮ ಡಿಟಿಪಿ ಹುಡುಗ ಬರೆದು ಗೋಡೆಗೆ ಅಂಟಿಸಿದ್ದಾನೆ. (ಕಂಪ್ಯೂಟರನ್ನೇ ಬದಲಿಸಿ ಎಂದವರೂ ಇದ್ದರು, ಅವರ ಮಾತು ಬೇಡ.)

ಈಗ ಗಿರಾಕಿಗಳೇ ಫೋನಿನಲ್ಲಿ ಬೀಗರ ಹೆಸರು ತಿದ್ದಿ ವಾಪಸ್ ಕಳಿಸುತ್ತಾರೆ. ಪ್ರೂಫ್ ನೋಡಲೆಂದು ರೋಣದಿಂದ ಯಾರೂ ಬರಬೇಕಿಲ್ಲ.

ಭಾಳ ಉಪಕಾರ ಆತ್ರೀ ಅಕ್ಕಾರ. ಈ ಕಡೆ ಬಂದರೆ ಚಹಾ ಕುಡಿಯದೆ ಹೋಗಬೇಡಿ.