ದೇವರ ಮಾಡದಲ್ಲಿನ ಕಲ್ಲನ್ನು ಮಾರಬೇಡಿ

ಫ್ರೈಬರ್ಗ್, ಜರ್ಮನಿ
ನವೆಂಬರ್ 23

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು, ಮುತ್ಯಾನ ಕೆಮ್ಮು ಎರಡೂ ಇಳಿದಿವೆ ಎಂದು ತಮ್ಮ ಹೇಳಿದ, ಸಮಾಧಾನವಾಯಿತು. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ಕಲ್ಲಿನ ಮಾತು ಎತ್ತಿದರೆ ಅವ್ವ ನಡುವೆ ಬಾಯಿ ಹಾಕಿ ರೊಟ್ಟಿ ತಿಂದೆಯಾ ಎಂದು ಕೇಳುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದವಾದರೆ ಮುತ್ಯಾ ನಿಮ್ಮಿಂದ ಎರಡು ಸಲ ಓದಿಸುತ್ತಾನೆ.

ವಿಷಯ ಇಷ್ಟೇ. ದೇವರ ಮಾಡದಲ್ಲಿರುವ ಬಿಳಿ ಕಲ್ಲನ್ನು ಕೊಳ್ಳಲು ಬಂದ ಆ ಮನುಷ್ಯನಿಗೆ ಕೊಡಬೇಡಿ. ಎರಡು ಸಾವಿರಕ್ಕೆ ಕೇಳಿದ್ದಾನಂತೆ. ನಾಲ್ಕು ಸಾವಿರ ಎಂದರೂ ಬೇಡ. ತಮ್ಮನಿಗೆ ಮೊಬೈಲ್ ಬೇಕಾಗಿದ್ದರೆ ನಾನು ದುಡ್ಡು ಕಳಿಸುತ್ತೇನೆ.

ಆ ಕಲ್ಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನಾಗ ನಾಲ್ಕನೆಯ ಇಯತ್ತೆ. ಬಾವಿಯಲ್ಲಿ ಗರಸು ಮುಗಿದು ಕರಿಕಲ್ಲು ಹತ್ತಿತ್ತು. ಮದ್ದು ಹಾರಿಸಿದ ಮೇಲೆ ಗೋಡೆಯಲ್ಲಿ ಕೊಡದ ಗಾತ್ರದ ಒಂದು ಪೊಟರೆ ಬಾಯಿ ತೆರೆದುಕೊಂಡಿತು. ಹಾವಿದ್ದೀತು ಎಂದು ಆಳುಗಳು ಹಿಂದೆ ಸರಿದರೆ, ಮುತ್ಯಾ ಧೋತರ ಮೇಲೆ ಕಟ್ಟಿ ಹಗ್ಗ ಹಿಡಿದು ಇಳಿದು, ಹಾರೆಯ ತುದಿಯಿಂದ ಮೆಲ್ಲಗೆ ಮೀಟಿ ಒಂದು ತುಂಡು ಹೊರತೆಗೆದ. ಕರಿಕಲ್ಲಿನ ಬುಡದಿಂದ ಬಿಳಿಯ ಸೂಜಿಗಳು ಬೀಸಣಿಗೆಯ ಹಾಗೆ ಹರಡಿದ್ದವು. ‘ಭೂತಾಯಿಯ ಹಲ್ಲು’ ಎಂದು ಕಣ್ಣಿಗೊತ್ತಿಕೊಂಡು ಮನೆಗೆ ತಂದ. ಉಳಿದದ್ದೆಲ್ಲ ಒಡ್ಡಿನ ಮೇಲೆ ಬಿತ್ತು. ನಾನೂ ತಮ್ಮನೂ ಅದನ್ನು ಕುಟ್ಟಿ, ಮಿಂಚಲಿ ಎಂದು ರಂಗೋಲಿ ಪುಡಿಯಲ್ಲಿ ಬೆರೆಸಿದೆವು. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಅದೇ ಬಗೆಯ ಕಲ್ಲನ್ನು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ದೀಪ ಹಾಕಿ, ಟಿಕೆಟ್ ಇಟ್ಟು ತೋರಿಸುತ್ತಾರೆ. ಊರಿನ ನಡುವೆ ಫ್ರಾಯ್ಡೆನ್‌ಸ್ಟೈನ್ ಎಂಬ ಹಳೆಯ ಕೋಟೆಮನೆ ಇದೆ. ಅದರೊಳಗೆ 2008ರಲ್ಲಿ ತೆರೆದ ‘ಟೆರಾ ಮಿನರಾಲಿಯಾ’ ಎಂಬ ಸಂಗ್ರಹಾಲಯ. ಎರಿಕಾ ಪೋಲ್-ಸ್ಟ್ರೋಯರ್ ಎಂಬ ಹೆಣ್ಣುಮಗಳು ಜೀವಮಾನವಿಡೀ ದೇಶದೇಶಗಳಿಂದ ಕೂಡಿಸಿದ ಕಲ್ಲುಗಳು. ಕೂದಲಿನ ಸಾಮಾನು ಮಾಡುವ ವೆಲ್ಲಾ ಕಂಪನಿಯ ಮನೆತನದವರು, ದುಡ್ಡಿಗೇನು ಕೊರತೆ ಎನ್ನಬಹುದು. ದುಡ್ಡಿದ್ದವರೆಲ್ಲ ಹೀಗೆ ಕೂಡಿಸುತ್ತಾರೆಯೇ? ಮೂರೂವರೆ ಸಾವಿರಕ್ಕೂ ಹೆಚ್ಚು ಕಲ್ಲುಗಳನ್ನು ಖಂಡಕ್ಕೊಂದು ವಿಭಾಗದಂತೆ ಜೋಡಿಸಿದ್ದಾರೆ. ನಾನು ಮೊದಲ ಸಲ ಹೋದಾಗ ಏಷ್ಯಾದ ವಿಭಾಗದಿಂದ ಹೊರಗೇ ಬರಲಿಲ್ಲ. ನಮ್ಮ ಕಡೆಯ ಕರಿಕಲ್ಲಿನ ಮೇಲೆ ಕುಳಿತ ಅಪೊಫಿಲೈಟ್, ಕುಸುಬೆ ಹೂವು ಬಾಡಿದ ಬಣ್ಣದ ಸ್ಟಿಲ್ಬೈಟ್ ಎಂಬ ಹರಳುಗಳು.

ಗೋಲಗುಂಬಜದ ಗೋಡೆಗಳ ಕಲ್ಲು, ನಮ್ಮ ಬಾವಿಯ ಕಲ್ಲು, ಜಳಗಾವ, ನಾಸಿಕ, ಪುಣೆಯ ಕಲ್ಲು ಎಲ್ಲ ಒಂದೇ ಬಳಗ ಅಪ್ಪಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಪದರಪದರವಾಗಿ ಹರಿದು ಆರಿದ್ದು. ಆರುವಾಗ ಒಳಗಿನ ಗಾಳಿ ಗುಳ್ಳೆಯಾಗಿ ಉಳಿಯಿತು, ರೊಟ್ಟಿ ಉಬ್ಬಿದಾಗ ಆಗುವ ಹಾಗೆ. ಆಮೇಲೆ ಬಿಸಿನೀರು ಆ ಪೊಟರೆಗಳಲ್ಲಿ ಇಳಿದು, ಕಲ್ಲಿನಿಂದ ಕರಗಿಸಿ ತಂದದ್ದನ್ನು ಹರಳು ಕಟ್ಟಿಸಿತು. ಮಹಾರಾಷ್ಟ್ರದವರು ಬಾವಿ ತೋಡುವಾಗ, ಕಲ್ಲಿನ ಗಣಿಗಳಲ್ಲಿ ಒಡೆಯುವಾಗ ಇಂಥವನ್ನು ಜೋಪಾನವಾಗಿ ಎತ್ತಿಟ್ಟು ಮಾರಲು ಕಲಿತು ಎಷ್ಟೋ ವರ್ಷಗಳಾದವು. ರಾಹುರಿಯ ಹತ್ತಿರ ಒಂದು ಬಾವಿಯಲ್ಲಿ ಸಿಕ್ಕ ಹಸಿರು ಅಪೊಫಿಲೈಟ್ ಎಂದರೆ ಇಲ್ಲಿನವರು ಕುರ್ಚಿಯಿಂದ ಏಳುತ್ತಾರೆ. ಒಂದು ಬಾವಿ ಅಪ್ಪಾ! ನಾವು ಒಡ್ಡಿಗೆ ಸುರಿದೆವು.

ಅವ್ವ, ನೀನು ಕೇಳುವ ಪ್ರಶ್ನೆ ಗೊತ್ತು: ಕಲ್ಲಿಗೆ ಎಷ್ಟು ಸುರಿದೆ? ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ, ನಗಬೇಡ. ಹೋದ ವರ್ಷ ಒಂದು ಸಣ್ಣ ಸಂತೆಯಲ್ಲಿ ಕಡುನೀಲಿ ಹರಳಿನ ಗೊಂಚಲು ಕಂಡು ಕಾಲು ಕದಲಲಿಲ್ಲ. ಇಪ್ಪತ್ತು ಯೂರೊ ಕೊಟ್ಟು ತಂದು ಹೀಟರಿನ ಮೇಲಿನ ಕಿಟಕಿಯಲ್ಲಿಟ್ಟೆ. ಚಳಿಗಾಲ ಮುಗಿಯುವುದರೊಳಗೆ ಅದರ ಅಂಚುಗಳು ಬೆಳ್ಳಗಾಗಿ, ಮುಟ್ಟಿದರೆ ಹಿಟ್ಟು. ಆ ಹಿಟ್ಟನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ನೋಡಿದ್ದೆ, ನಮ್ಮ ಶೆಡ್ಡಿನಲ್ಲಿ, ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದು ಬಿಸಿಲಿಗೆ ಬಿಟ್ಟಿದ್ದ ಚೀಲದಲ್ಲಿ. ಮೈಲುತುತ್ತ! ಯಾರೋ ಬಕೆಟ್ಟಿನಲ್ಲಿ ಮೈಲುತುತ್ತ ಕರಗಿಸಿ, ಕಲ್ಲಿನ ಮೇಲೆ ಹರಳು ಬೆಳೆಸಿ, ಗಣಿಯದು ಎಂದು ಮಾರಿದ್ದಾರೆ. ಗಣಿಯಲ್ಲೂ ಅದು ಹುಟ್ಟುತ್ತದೆ, ಸುಳ್ಳಲ್ಲ, ಚಾಲ್ಕಾಂಥೈಟ್ ಎನ್ನುತ್ತಾರೆ. ಆದರೆ ನನ್ನದರ ಚೀಟಿಯಲ್ಲಿ ದೇಶದ ಹೆಸರು ಬಿಟ್ಟರೆ ಗಣಿಯ ಹೆಸರೇ ಇರಲಿಲ್ಲ. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ದ್ರಾಕ್ಷಿ ಬೆಳೆಯುವವರ ಮಗಳು ಸಾವಿರಾರು ಮೈಲಿ ದೂರ ಬಂದು ಇಪ್ಪತ್ತು ಯೂರೊಗೆ ಮೈಲುತುತ್ತ ಕೊಂಡಳು ಎಂದು ತಮ್ಮ ಊರೆಲ್ಲ ಸಾರುತ್ತಾನೆ, ಸಾರಲಿ. ಅಮೆಥಿಸ್ಟ್ ಎಂಬ ನೇರಳೆ ಹರಳನ್ನು ಸುಟ್ಟು ಹಳದಿ ಮಾಡಿದ್ದನ್ನು, ಸಿಟ್ರಿನ್ ಎಂಬ ಹಳದಿ ಹರಳೆಂದು ಕೊಂಡವರು ನನಗಿಂತ ಹೆಚ್ಚು ಜನ ಇದ್ದಾರೆ.

ಈ ಚೀಟಿಯ ಮಾತಿಗೇ ನಾನು ಬರಬೇಕಿತ್ತು. ಇಲ್ಲಿ ಕಲ್ಲು ಕೂಡಿಸುವವರಿಗೆ ಕಲ್ಲಿನಷ್ಟೇ ಅದರ ಚೀಟಿಯೂ ಮುಖ್ಯ. ನಾನು ವಾರಕ್ಕೊಮ್ಮೆ ಹೋಗುವ ಒಬ್ಬ ಮುದುಕರ ಮನೆಯಲ್ಲಿ ನಾರ್ವೆಯ ಕಾಂಗ್ಸ್‌ಬರ್ಗ್ ಗಣಿಯ ಬೆಳ್ಳಿ ಇದೆ. ಬೆಳ್ಳಿ ಎಂದರೆ ಕರಗಿಸಿ ಎರೆದ ಗಟ್ಟಿಯಲ್ಲ, ಕಲ್ಲಿನಿಂದ ತಂತಿಯಾಗಿ ಹೊರಟು ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದೆ. ಹೆಬ್ಬೆರಳಿನಷ್ಟೂ ಇಲ್ಲ. ಅದರ ಕೆಳಗೆ ಮೂರು ಚೀಟಿಗಳು, ಮೂವರು ಒಡೆಯರವು, ಒಂದಂತೂ ಮಸಿಯಲ್ಲಿ ಬರೆದದ್ದು, ಕಂದಿ ಹೋಗಿದೆ. ಆ ಗಣಿ 1958ರಲ್ಲೇ ಮುಚ್ಚಿತು. ಕಲ್ಲನ್ನು ಬಿಟ್ಟರೂ ಚೀಟಿ ಬಿಡೆನು ಎನ್ನುತ್ತಾರೆ ಆ ಯಜಮಾನರು. ನನ್ನ ಕೈಗೆ ಬೆಳ್ಳಿ ಕೊಟ್ಟರು, ಚೀಟಿ ಕೊಡಲಿಲ್ಲ.

ಮತ್ತೆ ನಮ್ಮ ಕಡೆಯವುಗಳ ಗತಿ ನೋಡಿ. ಹಳೆಯ ಚೀಟಿಗಳಲ್ಲಿ ದಖನ್ನಿನ ಎಷ್ಟೋ ಕಲ್ಲುಗಳಿಗೆ ‘ಪೂನಾ, ಭಾರತ’ ಎಂದು ಒಂದೇ ವಿಳಾಸ. ವ್ಯಾಪಾರಿ ಪುಣೆಯವನಾದರೆ ಕಲ್ಲೂ ಪುಣೆಯದು. ನಾನು ಇಲ್ಲಿಯವರೆಗೆ ನೋಡಿದ ಯಾವ ಪೆಟ್ಟಿಗೆಯಲ್ಲೂ ವಿಜಯಪುರ ಎಂಬ ಹೆಸರು ಕಂಡಿಲ್ಲ. ಆ ಮನುಷ್ಯ ಮುತ್ಯಾನ ಕಲ್ಲನ್ನು ಒಯ್ದರೆ ಅದೂ ಪುಣೆಯದಾಗುತ್ತದೆ. ನನ್ನ ತಕರಾರು ಎರಡು ಸಾವಿರದ್ದಲ್ಲ, ಇದರದ್ದು.

ವಿಚಿತ್ರವಾಗಿ ಕಂಡ ಕಲ್ಲನ್ನು ಎತ್ತಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಈ ಊರಿನದೇ ಕಥೆ ಇದೆ, ನಿಮಗೆ ಹಿಡಿಸುತ್ತದೆ. ಹತ್ತಿರದ ಬೆಳ್ಳಿ ಗಣಿಯಲ್ಲಿ 1885ರಲ್ಲಿ ಹೊಸ ಬಗೆಯ ಅದಿರೊಂದು ಸಿಕ್ಕಿತು. ಕ್ಲೆಮೆನ್ಸ್ ವಿಂಕ್ಲರ್ ಎಂಬ ಇಲ್ಲಿನ ಪ್ರಾಧ್ಯಾಪಕರು ಅದರಲ್ಲಿ ಬೆಳ್ಳಿ ಎಷ್ಟು, ಗಂಧಕ ಎಷ್ಟು ಎಂದು ತೂಗಿ ಕೂಡಿಸಿದರೆ ಪ್ರತಿ ಸಲವೂ ನೂರಕ್ಕೆ ಸುಮಾರು ಏಳು ಕಡಿಮೆ. ಒಣದ್ರಾಕ್ಷಿ ತೂಕದಲ್ಲಿ ಏಳು ಕಿಲೊ ಕಡಿಮೆಯಾದರೆ ನೀವು ವ್ಯಾಪಾರಿಯನ್ನು ಬಿಡುತ್ತೀರಾ? ಅವರೂ ಬಿಡಲಿಲ್ಲ. ತಿಂಗಳುಗಟ್ಟಲೆ ಬೆನ್ನು ಹತ್ತಿ 1886ರಲ್ಲಿ ಆ ಏಳರ ಕಳ್ಳನನ್ನು ಹಿಡಿದರು. ಅದೇ ಜರ್ಮೇನಿಯಂ ಎಂಬ ಹೊಸ ಮೂಲವಸ್ತು. ನಮ್ಮ ಬಾವಿಯಲ್ಲಿ ಅಂಥದ್ದೇನೂ ಇಲ್ಲ, ಆಸೆ ಪಡಬೇಡಿ.

ನಮ್ಮ ಬಿಳಿ ಕಲ್ಲು ಬಹುಶಃ ಸ್ಕೊಲೆಸೈಟ್ ಎಂಬ ಹರಳು. ಮೆಸೊಲೈಟ್ ಕೂಡ ಇರಬಹುದು, ಎರಡನ್ನೂ ಬರಿಗಣ್ಣಿನಲ್ಲಿ ಬೇರೆ ಮಾಡುವುದು ಕಷ್ಟ. ಗ್ರೀಕ್ ಭಾಷೆಯಲ್ಲಿ ಸ್ಕೊಲೆಕ್ಸ್ ಎಂದರೆ ಹುಳು. ಜೋರು ಶಾಖ ಕೊಟ್ಟರೆ ಒಳಗಿನ ನೀರು ಹೋಗಿ ಹರಳು ಹುಳುವಿನಂತೆ ಮುರುಟುತ್ತದೆ. ಆದ್ದರಿಂದ ಅವ್ವ, ಕಲ್ಲನ್ನು ನಂದಾದೀಪದ ಪಕ್ಕದಿಂದ ಒಂದು ಮೊಳ ಆಚೆ ಇಡು. ಇನ್ನೊಂದು ಮಾತು, ಹಬ್ಬಕ್ಕೆ ತಂಬಿಗೆ ಬೆಳಗುವಾಗ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡ. ಈ ಜಾತಿಯ ಕಲ್ಲುಗಳಿಗೆ ಹುಳಿ ಆಗಿಬರುವುದಿಲ್ಲ. ಕುಂಕುಮ ಬುಡದ ಕರಿಕಲ್ಲಿಗೆ ಹಚ್ಚು, ಸೂಜಿಗಳಿಗೆ ಬೇಡ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಬಾವಿಯನ್ನು ಇನ್ನೂ ಹತ್ತು ಅಡಿ ಇಳಿಸುತ್ತೇವೆ ಎಂದಿರಿ. ಮತ್ತೆ ಪೊಟರೆ ಸಿಕ್ಕರೆ ಒಳಗೆ ಹಾರೆ ಹಾಕಬೇಡಿ, ಕೈಯಿಂದ ಕೀಳಬೇಡಿ. ಸುತ್ತಲಿನ ಕರಿಕಲ್ಲು ಸಮೇತ ತೆಗೆಯಲು ಹೇಳಿ, ಮುತ್ಯಾನ ಹಳೆಯ ಧೋತರ ಹರಿದು ಸುತ್ತಿ, ಒಣದ್ರಾಕ್ಷಿಯ ಖಾಲಿ ಪೆಟ್ಟಿಗೆಯಲ್ಲಿಡಿ. ತಮ್ಮ ಇಳಿಯಲಿ, ಮುತ್ಯಾನನ್ನು ಬಾವಿಯ ಹತ್ತಿರ ಬಿಡಬೇಡಿ.

ಈಗ ಒಂದು ಕೆಲಸ. ಈ ಕಾಗದ ಓದಿ ಮುಗಿದ ಕೂಡಲೇ ಒಂದು ಚೀಟಿ ಬರೆಯಿರಿ. ನಮ್ಮ ಊರು, ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ, ಹೊಲದ ಸರ್ವೆ ನಂಬರ್, ಹಳೆಯ ಬಾವಿ, ಎಷ್ಟು ಅಡಿ ಆಳದಲ್ಲಿ, ಯಾವ ವರ್ಷ. ಆಳ ಎಷ್ಟೆಂದು ಮುತ್ಯಾನನ್ನೇ ಕೇಳಿ, ಅವನು ಮೊಳದಲ್ಲಿ ಹೇಳಿದರೆ ಮೊಳದಲ್ಲೇ ಬರೆಯಿರಿ. ಕೊನೆಗೆ ಯಾರು ತೆಗೆದದ್ದು ಎಂದು ಮುತ್ಯಾನ ಪೂರ್ತಿ ಹೆಸರು. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಮಸಿ ಮಾಸುತ್ತದೆ. ಕಲ್ಲಿನ ಕೆಳಗೆ ಇಟ್ಟು ಫೋಟೊ ತೆಗೆದು ಕಳಿಸಲು ತಮ್ಮನಿಗೆ ಹೇಳಿ.

ಯುಗಾದಿಗೆ ಬರುತ್ತೇನೆ. ಶೇಂಗಾ ಚಟ್ನಿಪುಡಿ ಮುಗಿದು ಹದಿನೈದು ದಿನವಾಯಿತು.

ನಿಮ್ಮ ಮಗಳು